ತಂಗಿಯ ಕಲ್ಲು

ಗದ್ದೆಗೆ ಕೆನಾಲಿನ ನೀರು ಬಿಟ್ಟಾಗ ಮೊದಲು ಮೂಗಿಗೆ ಬಡಿಯುವುದು ಹಸಿ ಹೂಳಿನ ವಾಸನೆ. ಭೀಮರಾಯನಗುಡಿ ಕಡೆ ಕೂಲಿಗೆ ಬಂದಾಗಿನಿಂದ ಅದು ನನ್ನ ಬೆನ್ನು ಬಿಟ್ಟಿಲ್ಲ. ನೀರು ಬಂತೆಂದು ಜೊತೆಗಿನವರು ಖುಷಿಪಡುತ್ತಾರೆ. ನಾನು ಅವರ ಜೊತೆ ಸೇರುವುದಿಲ್ಲ. ಅದು ನಮ್ಮ ಊರಿನ ಮೇಲೆ ನಿಂತು ಬಂದ ನೀರು. ನಿಮ್ಮ ಊರೂ ಮುಳುಗಿದ್ದರೆ ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಊರು ಸುರಪುರದ ಆಚೆ, ಹೊಳೆಯ ದಂಡೆಗೆ ಇತ್ತು. ಈಗ ಬಸ್ಸಿನ ಬೋರ್ಡಿನ ಮೇಲೂ ಅದರ ಹೆಸರಿಲ್ಲ. ಮಣ್ಣಿನ ಮಾಳಿಗೆ ಮನೆ. ಅರ್ಧ ಎತ್ತುಗಳಿಗೆ, ಅರ್ಧ ನಮಗೆ. ಅವುಗಳ ಉಸಿರು, ಸೆಗಣಿ, ಒಣಗಿದ ಜೋಳದ ಕಣಿಕೆ, ಅವ್ವ ಬಡಿಯುವ ರೊಟ್ಟಿಯ ಸಪ್ಪಳ, ಇದರಲ್ಲೇ ಬೆಳೆದೆ. ಹೊಲದ ಬದುವಿನಲ್ಲಿ ತಂಗಿಯನ್ನು ಮಣ್ಣು ಮಾಡಿದ್ದೆವು. ಇನ್ನೂ ನಡೆಯಲು ಕಲಿಯದ ಕೂಸು, ಜ್ವರ ಬಂದು ಹೋಯಿತು. ತಲೆಯ ಕಡೆಗೆ ಅಪ್ಪ ಹೊಳೆಯ ಕರಿ ಕಲ್ಲೊಂದನ್ನು ನೆಟ್ಟಿದ್ದ. ಅಮಾವಾಸ್ಯೆಗೆ ಅವ್ವ ಅದಕ್ಕೆ ಹಾಲು ಸುರಿದು, ಸೆರಗಿನಿಂದ ಒರೆಸಿ, ಕೂಸಿನ ತಲೆ ಸವರಿದ ಹಾಗೆ ಸವರಿ ಬರುತ್ತಿದ್ದಳು.

ಡ್ಯಾಮಿನಲ್ಲಿ ನೀರು ನಿಲ್ಲಿಸುವ ವರ್ಷ ಊರವರೆಲ್ಲ ತಮ್ಮ ಮನೆ ತಾವೇ ಬಿಚ್ಚಿದರು. ಬಾಗಿಲು, ತೊಲೆ, ಬೀಸುವ ಕಲ್ಲು, ಮನೆದೇವರು, ಎಲ್ಲ ಹೊಸ ಊರಿಗೆ ಹೊರಟ ಬಂಡಿಗೆ ಏರಿದವು. ಅವ್ವ ಮಾತ್ರ ಏರಲಿಲ್ಲ.

“ಕೂಸಿನ್ನ ನೀರಾಗ ಬಿಟ್ಟು ಹ್ಯಾಂಗ ಬರ್ಲಿ?” ಎಂದಳು.

ಅಪ್ಪ ಹೊಲಕ್ಕೆ ಹೋದ. ಆ ಕಲ್ಲು ಕಿತ್ತು ತಂದು ಅವಳ ಉಡಿಯಲ್ಲಿಟ್ಟ. “ದೇವರ ಕಲ್ಲ ಒಯ್ದ್ರ ದೇವರು ಬರ್ತದ. ಇದನ್ನ ಒಯ್ದ್ರ ಕೂಸೂ ಬರ್ತದ. ನಡಿ.”

ನಂಬಿ ಬಂದಳು. ಮುಂದಿನ ಬೇಸಿಗೆ, ಕೆನಾಲಿಗೆ ಬಿಟ್ಟು ಬಿಟ್ಟು ನೀರು ಇಳಿದಾಗ, ಹಳೇ ಊರು ಮೇಲೆದ್ದಿತು. ಗುಡಿಯ ಕಂಬ, ಗೋಡೆಗಳ ಬುಡ, ಬಾವಿಯ ಬಾಯಿ. ಅವ್ವ ನನ್ನ ಕೈ ಹಿಡಿದುಕೊಂಡೇ ಓಡಿದಳು. ಬದು ಇರಲಿಲ್ಲ. ಎಲ್ಲ ಹೊಲಗಳ ಮೇಲೂ ಒಂದೇ ಸಮ ಹೂಳು. ಗುರುತಿಗೆ ಇದ್ದದ್ದು ಆ ಕಲ್ಲೊಂದೇ. ಅದನ್ನು ನಾವೇ ಕಿತ್ತುಕೊಂಡು ಹೋಗಿದ್ದೆವು.

ಅಲ್ಲಿಂದ ಪ್ರತಿ ಬೇಸಿಗೆ ಕಲ್ಲನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಇಲ್ಲಿ ಅಗೆ, ಅಲ್ಲಿ ಅಗೆ ಎನ್ನುತ್ತಿದ್ದಳು. ನಾನು ಅಗೆಯುತ್ತಿದ್ದೆ. ಬರೀ ಕೆಸರು ಬರುತ್ತಿತ್ತು. ಒಮ್ಮೆ ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬ ನಕ್ಕ. “ಏನವ್ವಾ, ಕಲ್ಲ ಹೊತ್ಕೊಂಡು ಯಾರ ತಲಿಗಿ ಹಾಕಾಕ ಬಂದಿ?”

“ನನ್ನ ಮಗಳ ತಲಿಗಿ ಇಡಾಕ ಬಂದೀನಿ. ತಲಿ ಎಲ್ಲದ ತೋರ್ಸು,” ಎಂದಳು. ಅವನು ಬಲೆ ಸುತ್ತಿಕೊಂಡು ಎದ್ದುಹೋದ.

ಅಪ್ಪ ಬೇಸತ್ತಿದ್ದ. “ಎಲ್ಯಾರ ಒಂದ್ಕಡಿ ಊರಿ ಬಾ, ಸಾಕು.”

“ಎಲ್ಯಾರ ಊರಾಕ ಇದೇನು ಒಲಿಗುಂಡೇನು?” ಎಂದು ಮತ್ತೆ ಹೊತ್ತು ತರುತ್ತಿದ್ದಳು.

ಹೋದ ಮಳೆಗಾಲ ಹಾಸಿಗೆ ಹಿಡಿದಳು. “ತಮ್ಮಾ, ನನ್ನನ್ನ ಕೂಸಿನ ಬಾಜೂಕ ಇಡು,” ಎಂದಳು. ಹೂಂ ಎಂದೆ. ಅವಳು ಹೋದಾಗ ನೀರು ಕಣ್ಣು ಹಾಯುವಷ್ಟು ದೂರ ತುಂಬಿ ನಿಂತಿತ್ತು. ಹೊಸ ಊರಿನ ಗರಸು ಕಲ್ಲಿನ ನೆಲದಲ್ಲಿ ಅವಳನ್ನು ಇಟ್ಟೆವು. ತಲೆಯ ಕಡೆಗೆ ಅದೇ ಕಲ್ಲು ನೆಟ್ಟೆ. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಈಗ ಗದ್ದೆಗೆ ನೀರು ಬಿಟ್ಟಾಗ ಕಾಲಿಗೆ ನುಣ್ಣನೆಯ ಕೆಸರು ಹತ್ತುತ್ತದೆ. ಯಾವ ಹೊಲದ್ದೋ, ಯಾರ ಬದುವಿನದ್ದೋ. ಕೆಲಸ ಮುಗಿಸಿ ಎಲ್ಲರೂ ಕೆನಾಲಿಗಿಳಿದು ಕಾಲು ತೊಳೆಯುತ್ತಾರೆ. ನಾನು ದಂಡೆಯ ಮೇಲೆ ಕೂತು, ಅದು ಒಣಗಿ ತಾನೇ ಉದುರುವ ತನಕ ಕಾಯುತ್ತೇನೆ.