ಕೆಂಪು ರೆಕ್ಸಿನ್ನಿನ ಬೂಟು

ಅತ್ತೆಗೂ ನನಗೂ ಮದುವೆಯಾದ ವರ್ಷದಿಂದಲೇ ಆಗಿಬರುತ್ತಿರಲಿಲ್ಲ. ಸಾರಿಗೆ ಹುಳಿ ಜಾಸ್ತಿಯಾಯಿತು ಎನ್ನುವುದರಿಂದ ಹಿಡಿದು ತವರಿಗೆ ಹೋದವಳು ಹೇಳಿದ ದಿನಕ್ಕೆ ಬರಲಿಲ್ಲ ಎನ್ನುವವರೆಗೆ ಏನಾದರೊಂದು ಇದ್ದೇ ಇರುತ್ತಿತ್ತು. ಅವೆಲ್ಲ ಮಾತಿನಲ್ಲಿ ಹುಟ್ಟಿ ಮಾತಿನಲ್ಲೇ ಆರಿಹೋಗುವ ಜಗಳಗಳು. ಆರದೆ ಉಳಿದದ್ದು ಮಗಳ ಬೂಟಿನ ಜಗಳ ಒಂದೇ.

ನಮ್ಮೂರು ಬಂದಳಿಕೆಯ ಪಕ್ಕ. ಒಂದಿಷ್ಟು ಹೊಲ, ಒಂದು ಕುರಿ ಹಿಂಡು. ಮಗಳು ವ್ಯಾನಿನಲ್ಲಿ ಶಿಕಾರಿಪುರದ ಶಾಲೆಗೆ ಹೋಗುತ್ತಾಳೆ. ಆಗ ಮೂರನೇ ಕ್ಲಾಸು. ಶಾಲೆಯ ವಾರ್ಷಿಕೋತ್ಸವಕ್ಕೆ ವೇಷದ ಸ್ಪರ್ಧೆ ಇದೆ ಎಂದು ಗೊತ್ತಾದ ಸಂಜೆಯೇ ಅತ್ತೆ ಲಕ್ಷ್ಮಿಯ ವೇಷ ಎಂದು ತೀರ್ಮಾನಿಸಿ, ಟ್ರಂಕಿನಿಂದ ತಮ್ಮ ಬೆಳ್ಳಿ ಡಾಬು ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿಟ್ಟರು. ಮಗಳು ಒಪ್ಪಲಿಲ್ಲ. ಹಿಂದಿನ ವರ್ಷ ಲಕ್ಷ್ಮಿಯಾಗಿ ಕೈ ಎತ್ತಿಕೊಂಡು ನಿಂತು ನಿಂತು ಅವಳಿಗೆ ಸಾಕಾಗಿತ್ತು. ಈ ಸಲ ಅವಳೊಬ್ಬಳು ಸೂಪರ್ ಹೀರೋ. ಯಾವ ಟೀವಿಯಲ್ಲೂ ಬಂದವಳಲ್ಲ, ಇವಳೇ ಕಟ್ಟಿಕೊಂಡವಳು. ನೀಲಿ ಅಂಗಿ, ಬೆನ್ನ ಹಿಂದೆ ಇಳಿಬಿಟ್ಟ ಬಟ್ಟೆ, ಮೊಣಕಾಲಿನವರೆಗೆ ಕೆಂಪು ಬೂಟು. ಚಿತ್ರ ಬರೆದು ತಂದು ನನ್ನ ಮುಂದೆ ಇಟ್ಟಳು.

ಅಂಗಿ, ಬೆನ್ನಿನ ಬಟ್ಟೆ ಕಷ್ಟವಾಗಲಿಲ್ಲ. ನನಗೆ ಹೊಲಿಗೆ ಬರುತ್ತದೆ. ಬೂಟಿಗಾಗಿ ಶಿಕಾರಿಪುರದ ಅಂಗಡಿಗಳನ್ನೆಲ್ಲ ಸುತ್ತಿದೆ. ಗದ್ದೆಗೆ ಹಾಕಿಕೊಳ್ಳುವ ಕಪ್ಪು ಗಂಬೂಟು ಬಿಟ್ಟರೆ ಅಷ್ಟುದ್ದದ್ದು ಎಲ್ಲೂ ಇರಲಿಲ್ಲ, ಅದೂ ದೊಡ್ಡವರ ಅಳತೆಯದು. ಮೊಬೈಲಿನಲ್ಲಿ ನೋಡಿದ ವಿಡಿಯೊದಲ್ಲಿ ಯಾರೋ ಹೆಂಗಸು ಬಿಸಿ ಅಂಟು ಸುರಿಯುವ ಒಂದು ಯಂತ್ರ ಹಿಡಿದು ಚಕಚಕನೆ ಬೂಟು ಮಾಡಿಬಿಟ್ಟಳು. ನನ್ನ ಬಳಿ ಇದ್ದದ್ದು ಗೋಣಿಚೀಲ ಹೊಲಿಯುವ ದಬ್ಬಣ, ಪಂಕ್ಚರ್ ಹಾಕುವ ಸಲ್ಯೂಷನ್ನಿನ ಟ್ಯೂಬು, ಟ್ರ್ಯಾಕ್ಟರಿನ ಸೀಟಿಗೆ ಹಾಕಿ ಉಳಿದಿದ್ದ ಕೆಂಪು ರೆಕ್ಸಿನ್ನು.

ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕಾಲಿಗೆ ಪೇಪರು ಸುತ್ತಿ ಅಳತೆ ತೆಗೆದೆ. ಅವಳ ಹಳೆಯ ಕ್ಯಾನ್ವಾಸ್ ಶೂಗಳಿಗೆ ಮೇಲಿನಿಂದ ರೆಕ್ಸಿನ್ನಿನ ಕೊಳವೆ ಸೇರಿಸಿ ಹೊಲಿಯಬೇಕು ಎನ್ನುವುದು ನನ್ನ ಲೆಕ್ಕಾಚಾರ. ರೆಕ್ಸಿನ್ನು ನೆಟ್ಟಗೆ ನಿಲ್ಲಲೆಂದು ಒಳಗೆ ಹಳೆಯ ಸೀಟಿನ ಸ್ಪಂಜು ಕೊಟ್ಟೆ. ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ರಬ್ಬರು. ದಬ್ಬಣ ಕ್ಯಾನ್ವಾಸಿನಲ್ಲಿ ಇಳಿಯುತ್ತಿತ್ತು, ರಬ್ಬರಿಗೆ ಬಂದರೆ ಬಾಗುತ್ತಿತ್ತು. ಒತ್ತಿ ಒತ್ತಿ ಹೆಬ್ಬೆರಳಿನಲ್ಲಿ ರಕ್ತ ಬಂತು. ಜಗುಲಿಯ ಮೇಲೆ ಕುಳಿತು ಬಾಯಲ್ಲಿ ದಾರ ಕಚ್ಚಿಕೊಂಡು, ಒಂದು ಬೂಟನ್ನು ಮಂಡಿಗಳ ನಡುವೆ ಅವುಚಿ ಎಳೆಯುತ್ತಿದ್ದಾಗ ಅತ್ತೆ ಕುರಿದೊಡ್ಡಿಯ ಕಡೆಯಿಂದ ಬಂದರು.

"ಏನ್ ಮಾಡಾಕತ್ತೀಯ?"

ಮಗಳಿಗೆ ಬೂಟು ಎಂದೆ.

"ನಮ್ಮನ್ಯಾಗ ಯಾರೂ ಮೆಟ್ಟು ಹೊಲ್ದಿಲ್ಲ. ನೀನೂ ಹೊಲಿಯಂಗಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಹಳೆಯ ಶೂಗೆ ರೆಕ್ಸಿನ್ನು ಸೇರಿಸುವುದು ನನ್ನ ಪಾಲಿಗೆ ಚೀಲ ಹೊಲಿದಂತೆಯೇ. ಅವರು ದನಿ ಏರಿಸದೆ ಹೇಳುತ್ತಲೇ ಹೋದರು: ಅದನ್ನು ಹೊಲಿಯುವವರು ಬೇರೆ ಇದ್ದಾರೆ, ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದಾರೆ, ದೇವರ ಮುಂದೆ ದೀಪ ಹಚ್ಚುವ ಕೈಯಲ್ಲಿ ಇದೇನು ಹೊಲಸು. ನಾನೂ ಸುಮ್ಮನಿರಲಿಲ್ಲ. ಕುರಿ ಸತ್ತರೆ ಚರ್ಮ ಸುಲಿಸಿ ಮಾರುವ ಮನೆ ಇದು, ಆಗ ಇಲ್ಲದ ಹೊಲಸು ರೆಕ್ಸಿನ್ನಿಗೆ ಎಲ್ಲಿಂದ ಬಂತು ಎಂದು ಕೇಳಿದೆ. ಅವರ ಮುಖ ಬಿಳಚಿಕೊಂಡಿತು. ಅಷ್ಟು ತಾಗೀತು ಎಂದು ನನಗೆ ಗೊತ್ತಿರಲಿಲ್ಲ. ತಾಗಿದ್ದಕ್ಕೆ ಸಂತೋಷವೇ ಆಯಿತು.

ಮರುದಿನ ನಾನು ಹೊಲದಿಂದ ಬರುವಷ್ಟರಲ್ಲಿ ಬೂಟುಗಳು ತಿಪ್ಪೆಯಲ್ಲಿದ್ದವು. ಅತ್ತೆ ಕೈಯಿಂದ ಮುಟ್ಟದೆ ಕೋಲಿನಲ್ಲಿ ಎತ್ತಿ ಹಾಕಿದರಂತೆ. ಮಗಳು ತಿಪ್ಪೆಯ ಪಕ್ಕ ನಿಂತಿದ್ದಳು, ಅಳುತ್ತಿರಲಿಲ್ಲ, ಅಜ್ಜಿಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ನನ್ನ ಗಂಡನಿಗೆ ಹೇಳಿದರೆ, ಎರಡು ದಿನ ಸುಮ್ಮನಿರು, ಅವ್ವ ಮರೀತಾಳೆ ಎಂದು ಟ್ರ್ಯಾಕ್ಟರು ಹತ್ತಿ ಹೋದರು. ನಾನು ಬೂಟುಗಳನ್ನು ಎತ್ತಿ, ಬಚ್ಚಲಿನಲ್ಲಿ ಸೋಪು ಹಾಕಿ ತೊಳೆದು, ಒಂದು ಚೀಲಕ್ಕೆ ತುಂಬಿ, ಶನಿವಾರ ಶಾಲೆ ಮುಗಿಯುತ್ತಲೇ ಮಗಳನ್ನು ಕರೆದುಕೊಂಡು ಕುಪ್ಪಗಡ್ಡೆಗೆ ಹೊರಟೆ. ಅದು ನನ್ನ ತವರು.

ಸೊರಬದಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಹೊರಗೆ ಛತ್ರಿ ನೆಟ್ಟುಕೊಂಡು ಚಪ್ಪಲಿ ಹೊಲಿಯುವವನೊಬ್ಬ ಕುಳಿತಿದ್ದ. ನನ್ನದೇ ವಯಸ್ಸಿರಬಹುದು. ಒಂದು ಬೂಟಿನ ಅಡಿ ಕಿತ್ತು ಬಂದಿತ್ತು, ಅದನ್ನು ಅವನ ಮುಂದಿಟ್ಟೆ. ಅವನು ತಿರುಗಿಸಿ ನೋಡಿ ಯಾರು ಹೊಲಿದದ್ದು ಎಂದು ಕೇಳಿದ. ನಾನೇ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಡೆದದ್ದನ್ನು ಯಾರಿಗಾದರೂ ಹೇಳಬೇಕಾಗಿತ್ತು. ಇವನಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು ಎಂದುಕೊಂಡು, ಇದನ್ನು ಹೊಲಿದದ್ದಕ್ಕೆ ಮನೆಯಲ್ಲಿ ಎಂಥ ರಂಪವಾಯಿತು ಎಂದು ಎಲ್ಲವನ್ನೂ ಹೇಳಿದೆ. ಅವನು ಕೈ ನಿಲ್ಲಿಸಿದ.

"ನೀವು ನಾಳೆ ಬಿಟ್ರೆ ಮುಗೀತು. ನಾವು ಬಿಟ್ರೂ ಮುಗಿಯಲ್ಲ. ಈ ಕತೆ ನಂಗೆ ಹೇಳ್ಬೇಡಿ."

ಅಡಿಯನ್ನು ಗಟ್ಟಿಯಾಗಿ ಹೊಲಿದು, ಬೂಟನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟ. ನನಗೆ ಅವಮಾನವಾಯಿತು. ಸಿಟ್ಟೂ ಬಂತು, ಅವನ ಮೇಲೆಯೇ. ಬಸ್ಸಿನಲ್ಲಿ ಕುಳಿತು ಊರು ದಾಟಿದ ಮೇಲೆ ಸಿಟ್ಟು ಇಳಿಯಿತು, ಅವನು ಹೇಳಿದ್ದು ಇಳಿಯಲಿಲ್ಲ.

ತವರಿನಲ್ಲಾದರೂ ನೆಮ್ಮದಿಯಾಗಿ ಮುಗಿಸಬಹುದು ಎಂದುಕೊಂಡಿದ್ದೆ. ಅಮ್ಮ ಮಗಳಿಗೆ ಅವಲಕ್ಕಿ ಕಲಸಿಕೊಟ್ಟು, ನಾನು ಚೀಲ ಬಿಚ್ಚುವುದನ್ನೇ ನೋಡುತ್ತಿದ್ದರು. ಒಂದು ಜೊತೆ ಬೂಟಿಗಾಗಿ ಯಾರಾದರೂ ಗಂಡನ ಮನೆ ಬಿಟ್ಟು ಬರುತ್ತಾರೆಯೇ ಎಂದು ಕೇಳಿದರು. ಬಿಟ್ಟು ಬಂದಿಲ್ಲ, ಹೊಲಿಯಲು ಬಂದಿದ್ದೇನೆ ಎಂದೆ. ಆಗ ಅವರು ಬೀದಿಯ ಕಡೆ ಒಮ್ಮೆ ಇಣುಕಿ, ದನಿ ತಗ್ಗಿಸಿ ಹೇಳಿದರು: "ಹೊಲಿಯೋದಾದ್ರೆ ಹಿತ್ತಿಲಲ್ಲಿ ಕೂತ್ಕೊಳ್ಳೆ. ಇಲ್ಲಿ ಬೇಡ."

ಅತ್ತೆಯ ಮಾತಿಗಿಂತ ಇದು ಹೆಚ್ಚು ಉರಿಯಿತು. ಅತ್ತೆಯಿಂದ ನಾನು ಒಳ್ಳೆಯದನ್ನು ಎಂದೂ ನಿರೀಕ್ಷಿಸಿದವಳಲ್ಲ. ಹಿತ್ತಿಲಿಗೆ ಹೋಗಲಿಲ್ಲ. ಮುಂದಿನ ಜಗುಲಿಯ ಮೇಲೆಯೇ ಕುಳಿತು ಭಾನುವಾರ ಪೂರ್ತಿ ಹೊಲಿದೆ. ಅಮ್ಮ ಒಳಗಿನಿಂದ ಹೊರಗೆ ಬರಲಿಲ್ಲ. ಹಳೆಯ ಬ್ಯಾಗಿನ ಜಿಪ್ಪು ಕಿತ್ತು ಹಿಂಭಾಗಕ್ಕೆ ಕೂರಿಸಿದೆ, ಮುಂಭಾಗಕ್ಕೆ ಹಳದಿ ಬಟ್ಟೆಯಲ್ಲಿ ಸಿಡಿಲಿನ ಗುರುತು ಕತ್ತರಿಸಿ ಅಂಟಿಸಿದೆ. ಮಗಳು ಹಾಕಿಕೊಂಡು ಅಂಗಳದಲ್ಲಿ ಧಡಧಡ ಓಡಿದಳು. ಎಡಗಾಲಿನದು ಸ್ವಲ್ಪ ಸೊಟ್ಟಗಿತ್ತು. ಅವಳಿಗೆ ಅದು ಕಾಣಲೇ ಇಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ಅಮ್ಮ ಬಾಗಿಲಿಗೆ ಬಂದು ಕುಂಕುಮ ಕೊಟ್ಟರು. ನಾನು ಅವರ ಮುಖ ನೋಡದೆ ಇಟ್ಟುಕೊಂಡೆ.

ಸ್ಪರ್ಧೆಯ ದಿನ ಮಧ್ಯಾಹ್ನ ಶಾಲೆಯ ಮೈದಾನ ತುಂಬಿತ್ತು. ಅತ್ತೆ ಬರುವುದಿಲ್ಲ ಎಂದವರು ಕೊನೆಗೆ ರೇಷ್ಮೆ ಸೀರೆ ಉಟ್ಟು ಬಂದು, ನನ್ನಿಂದ ದೂರ, ಪರಿಚಯದ ಹೆಂಗಸರ ನಡುವೆ ಕುಳಿತರು. ಲಕ್ಷ್ಮಿಯರು, ರೈತರು, ಸೈನಿಕರು ಬಂದು ಹೋದ ಮೇಲೆ ನಮ್ಮವಳ ಸರದಿ. ಮೈಕು ಹಿಡಿದ ಟೀಚರು, ನೀನು ಯಾರಮ್ಮ, ನಿನಗೆ ಹಾರಲು ಬರುತ್ತದೆಯೇ ಎಂದು ಕೇಳಿದರು.

"ಹಾರಾಕ ಬರಲ್ಲ ಮಿಸ್. ಒದಿಯಾಕ ಬರ್ತೈತಿ."

ಜನ ನಕ್ಕರು. ಅವಳು ನಗಿಸಲು ಹೇಳಿರಲಿಲ್ಲ. ಬೂಟುಗಾಲಿನಲ್ಲಿ ಒಮ್ಮೆ ಗಾಳಿಯನ್ನು ಒದ್ದು ತೋರಿಸಿ, ಗಂಭೀರವಾಗಿ ಕೆಳಗಿಳಿದಳು. ಬಹುಮಾನ ಲಕ್ಷ್ಮಿಯೊಬ್ಬಳಿಗೆ ಹೋಯಿತು. ಅತಿಥಿಯಾಗಿ ಬಂದಿದ್ದವರು ಹೆಣ್ಣುಮಕ್ಕಳಿಗೆ ನಮ್ಮ ಸಂಸ್ಕೃತಿಯ ವೇಷವೇ ಶೋಭೆ ಎಂದು ಮಾತಾಡಿದರು. ಅತ್ತೆ ತಿರುಗಿ ನನ್ನ ಕಡೆ ಒಂದು ನೋಟ ಬೀರಿದರು.

ಎಲ್ಲ ಮುಗಿದು ಗೇಟಿನ ಬಳಿ ನಿಂತಿದ್ದಾಗ ಅತ್ತೆಯ ಜೊತೆಗಿದ್ದ ಹೆಂಗಸೊಬ್ಬರು ಮಗಳ ಬೂಟು ಮುಟ್ಟಿ ನೋಡಿ, ಎಲ್ಲಿ ತಂದಿರಿ, ನಮ್ಮ ಮೊಮ್ಮಗನಿಗೂ ಬೇಕಿತ್ತು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಶಿವಮೊಗ್ಗದಿಂದ ತರಿಸಿದ್ದು ಎಂದುಬಿಟ್ಟರು.

"ಸುಳ್ಳು," ಎಂದಳು ಮಗಳು. "ಅವ್ವ ಹೊಲ್ದಿದ್ದು. ಅಜ್ಜಿ ತಿಪ್ಪಿಗೆ ಒಗೆದಿತ್ತು."

ಆ ಹೆಂಗಸು ಬೂಟಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಸೆರಗಿಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು. ಬಸ್ ನಿಲ್ದಾಣದ ಕಡೆ ಒಬ್ಬರೇ ನಡೆದುಹೋದರು.

ಅಂದು ಮನೆಗೆ ಬರುವ ದಾರಿಯಲ್ಲಿ, ನಮ್ಮ ಜೊತೆ ಬಂದಿದ್ದ ನನ್ನ ಗಂಡ ಅದುವರೆಗೆ ಹೇಳದ ಸಂಗತಿ ಹೇಳಿದರು. ಅತ್ತೆಯ ತಂದೆ ಊರೂರು ತಿರುಗಿ ಕುರಿ ಚರ್ಮ ಕೊಂಡು ಸಂತೆಗೆ ಸಾಗಿಸುತ್ತಿದ್ದರಂತೆ. ಅತ್ತೆ ಮದುವೆಯಾಗಿ ಬಂದಾಗ ಈ ಮನೆಯ ಹಿರಿಯರು ಅವರನ್ನು ಚರ್ಮದವರ ಮಗಳು ಎಂದೇ ಕರೆಯುತ್ತಿದ್ದರು. ಬಹಳ ದಿನ ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. "ನೀನು ಅದೇ ಮಾತು ಎತ್ತಿ ಅವ್ವಗೆ ಅಂದೆ," ಎಂದರು.

ನಾನು ಕರಗಬೇಕಿತ್ತೇನೋ. ಕರಗಲಿಲ್ಲ. ತಾನು ಉಂಡ ನೋವನ್ನೇ ನನಗೂ ಬಡಿಸಲು ಹೊರಟವರ ಮೇಲೆ ಇನ್ನಷ್ಟು ಕೋಪ ಬಂತು. ಅವರು ಅನುಭವಿಸಿದ್ದು ನನಗೆ ಅರ್ಥವಾಯಿತು ಎಂದಷ್ಟೇ ಹೇಳಬಲ್ಲೆ.

ಮಾರನೆಯ ಬೆಳಿಗ್ಗೆ ಅತ್ತೆ ಪಡಸಾಲೆಯ ಮೂಲೆಯಲ್ಲಿ ಒಂದು ಚಿಕ್ಕ ಗ್ಯಾಸ್ ಒಲೆ ಇಟ್ಟುಕೊಂಡು ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ನನ್ನ ಕೈಯ ನೀರನ್ನೂ ಕುಡಿಯಲಿಲ್ಲ. ಗಂಡ ಇಬ್ಬರ ನಡುವೆ ಓಡಾಡಿ ಸೋತರು. ಒಂದು ಸಲ ಅತ್ತೆಗೆ ಜ್ವರ ಬಂದು ಮಲಗಿದಾಗ ಗಂಜಿ ಕಾಯಿಸಿ ತೆಗೆದುಕೊಂಡು ಹೋದೆ. ಗೋಡೆಯ ಕಡೆ ಮುಖ ಮಾಡಿಕೊಂಡರು. ಲೋಟವನ್ನು ಅಲ್ಲೇ ಇಟ್ಟು ಬಂದೆ. ಸಂಜೆ ನೋಡಿದರೆ ಗಂಜಿ ಕೆನೆಗಟ್ಟಿ ಹಾಗೆಯೇ ಇತ್ತು. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ.

ಊರಿನಲ್ಲಿ ಸುದ್ದಿ ಹರಡಿ, ಈಗ ಮಕ್ಕಳ ನಾಟಕ, ಡ್ಯಾನ್ಸು ಎಂದರೆ ಒಬ್ಬಿಬ್ಬರು ತಾಯಂದಿರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬರುವವರೂ ಮುಸ್ಸಂಜೆಯಲ್ಲಿ, ಸೆರಗಿನ ಕೆಳಗೆ ಹಳೆಯ ಶೂ ಮುಚ್ಚಿಕೊಂಡು ಬರುತ್ತಾರೆ. ಮುಚ್ಚಿ ತಂದವರಿಗೆ ನಾನು ಹೊಲಿದುಕೊಡುವುದಿಲ್ಲ, ಬೆಳಗಿನ ಹೊತ್ತು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದು ಬನ್ನಿ ಎನ್ನುತ್ತೇನೆ. ಕೆಲವರು ಬೈದುಕೊಂಡು ಹೋಗುತ್ತಾರೆ. ಹಾಗೆ ನಡೆದು ಬಂದವರದನ್ನು ಜಗುಲಿಯ ಮೇಲೆ ಕುಳಿತು ಹೊಲಿಯುತ್ತೇನೆ. ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಸದ್ದಿಗೆ ನಾನು ತಲೆ ಎತ್ತುವುದಿಲ್ಲ.