ವಾಲ್ವ್ ರೇಡಿಯೊ ಹೊತ್ತು ವಾರೆನ್‌ಗೆ

ಶುಕ್ರವಾರ ಮಧ್ಯಾಹ್ನ ಲೈಲ್ ಊರಿನ ನಮ್ಮ ಮನೆಯಿಂದ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ರೇಡಿಯೊ ಕುಳಿತಿತ್ತು. ಅದಕ್ಕೆ ಎರಡು ಕಂಬಳಿ ಹೊದಿಸಿ ಸೀಟ್ ಬೆಲ್ಟ್ ಬಿಗಿದವರು ನನ್ನ ಗಂಡ ಪ್ರಸಾದ್. "ನಿಮ್ಮಮ್ಮ ಬಂದಾಗಲೂ ನಾನಿಷ್ಟು ಹುಷಾರಾಗಿ ಡ್ರೈವ್ ಮಾಡಿರ್ಲಿಲ್ಲ ನೀಲಾ," ಎಂದರು.

ಇದು ಹಾಡು ಕೇಳುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ಸಿ.ಬಿ. ಎನ್ನುತ್ತಾರೆ. ಮೊಬೈಲು ಬರುವುದಕ್ಕೆ ಬಹಳ ಮೊದಲೇ ಈ ದೇಶದ ಜನ ಮನೆಯಲ್ಲೊಂದು, ಗಾಡಿಯಲ್ಲೊಂದು ಇಂಥ ಸೆಟ್ ಇಟ್ಟುಕೊಂಡು, ಮೈಕಿನ ಗುಂಡಿ ಒತ್ತಿ, ಕೆಲವು ಮೈಲಿಗಳೊಳಗೆ ಯಾರೊಡನೆ ಬೇಕಾದರೂ ಹರಟುತ್ತಿದ್ದರು. ಟ್ರಕ್ಕುಗಳಲ್ಲಿ ಈಗಲೂ ಉಂಟು. ನಾನು ಕೂಡಿಡುವುದು ಅರವತ್ತರ ದಶಕದ ಸೆಟ್ಟುಗಳನ್ನು, ಒಳಗೆ ಬಲ್ಬಿನಂಥ ಗಾಜಿನ ವಾಲ್ವ್ ಇರುವಂಥವನ್ನು. ಸ್ವಿಚ್ ಹಾಕಿದ ಕೂಡಲೇ ಅವು ಮಾತಾಡುವುದಿಲ್ಲ. ವಾಲ್ವ್ ಕೆಂಪಗೆ ಕಾದು, ಬಿಸಿ ಧೂಳಿನ ವಾಸನೆ ಬಂದಮೇಲೆ ನಿಧಾನವಾಗಿ ಗುಂಯ್‌ಗುಡುತ್ತವೆ. ನಮ್ಮ ಬೇಸ್‌ಮೆಂಟಿನ ಗೋಡೆಯುದ್ದಕ್ಕೂ ಅವೇ. ಪ್ರಸಾದರ ಟ್ರೆಡ್‌ಮಿಲ್ ಗ್ಯಾರೇಜಿಗೆ ಹೋಗಿ ಬಹಳ ದಿನವಾಯಿತು.

ಹಿಂದಿನ ಸೀಟಿನಲ್ಲಿದ್ದದ್ದನ್ನು ತುಕ್ಕು ಹಿಡಿದ ಡಬ್ಬವಾಗಿ ಒಂದು ಗ್ಯಾರೇಜ್ ಸೇಲ್‌ನಲ್ಲಿ ತಂದಿದ್ದೆ. ಎರಡು ಚಳಿಗಾಲ ಕೂತು ರಿಪೇರಿ ಮಾಡಿದ್ದೆ. ಮಿಷಿಗನ್‌ನ ವಾರೆನ್ ಊರಿನಲ್ಲಿ ಹಳೆಯ ರೇಡಿಯೊಗಳ ಪ್ರದರ್ಶನವೊಂದಿತ್ತು. ಮೊದಲ ಬಾರಿಗೆ ನನಗೂ ಒಂದು ಮೇಜು ಸಿಕ್ಕಿತ್ತು. ಮೂಕ ಸೆಟ್ಟನ್ನು ಒಯ್ದು ಇಡುವುದಾಗಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಅದು ಅಲ್ಲಿ ಮಾತಾಡಬೇಕಿತ್ತು.

ಏಪ್ರಿಲ್ ಬಂದಿದ್ದರೂ ಹೊರಗೆ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಬೇಕಾಗುವ ಚಳಿ. ಇಂಡಿಯಾನಾ ಮುಗಿಯುವವರೆಗೂ ಟ್ರಕ್ಕುಗಳ ನಡುವೆ ತೆವಳಿದೆವು. ಮಿಷಿಗನ್‌ನಲ್ಲಿ ರಸ್ತೆ ತೆರವಾಯಿತು, ಆದರೆ ಚಳಿಗಾಲ ಬಿಟ್ಟುಹೋದ ಗುಂಡಿಗಳು ಶುರುವಾದವು. ಒಂದೊಂದು ಗುಂಡಿಗೂ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಕಾಲಮಜೂನಲ್ಲಿ ಕಾಫಿ ಕುಡಿದೆವು. ಮಿಷಿಗನ್‌ನ ಗಡಿಯಾರ ನಮ್ಮೂರಿನದಕ್ಕಿಂತ ಒಂದು ಗಂಟೆ ಮುಂದಿರುವುದರಿಂದ ಕ್ಯಾಂಟನ್ ಸೇರುವಷ್ಟರಲ್ಲಿ ರಾತ್ರಿಯೂಟದ ಹೊತ್ತು.

ಕ್ಯಾಂಟನ್‌ನಲ್ಲಿ ನಮ್ಮ ಗೆಳತಿ ಸವಿತಕ್ಕನ ಮನೆ. ಅವರು ಧಾರವಾಡದವರು, ಮಕ್ಕಳ ಡಾಕ್ಟರು. ಕಂಬಳಿ ಸರಿಸಿ ರೇಡಿಯೊ ನೋಡಿ, "ಯವ್ವಾ, ಇದು ರೇಡಿಯೋನೋ ಅಡಗಿ ಒಲಿನೋ?" ಎಂದು ನಕ್ಕರು. ಮರುದಿನ ನಮ್ಮೊಡನೆ ಬರುವುದಾಗಿಯೂ, ಊಟದ ಬುತ್ತಿ ತಮ್ಮದೇ ಎಂದೂ ಹೇಳಿದರು.

ಬೆಳಿಗ್ಗೆ ಅವರು ತಮ್ಮ ಕಾರಿನಲ್ಲಿ, ನಾವು ನಮ್ಮದರಲ್ಲಿ ವಾರೆನ್ ತಲುಪಿದೆವು. ಸಭಾಂಗಣದಲ್ಲಿ ಸೆಟ್ಟಿನ ಮುಚ್ಚಳ ತೆಗೆದೆ. ದೊಡ್ಡ ವಾಲ್ವ್‌ನ ಗಾಜು ಸೀಳಿ, ಒಳಗಿನ ಬೆಳ್ಳಿ ಬಣ್ಣವೆಲ್ಲ ಹಾಲಿನಂತೆ ಬಿಳಿಚಿಕೊಂಡಿತ್ತು. ದನಿಯನ್ನು ದೊಡ್ಡದು ಮಾಡುವ ವಾಲ್ವ್ ಅದು. ಅದಿಲ್ಲದೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಬಿಡಿ ವಾಲ್ವ್‌ಗಳನ್ನು ತಂದಿದ್ದೆ, ಆ ಜಾತಿಯದೊಂದೇ ಇರಲಿಲ್ಲ.

"ಹೋಗ್ಲಿ ಬಿಡ, ನೋಡಾಕ ಛಂದ ಐತಲ್ಲ," ಎಂದರು ಸವಿತಕ್ಕ. ನನಗೆ ಅಳುವೇ ಬಂತು.

ಪಕ್ಕದ ಮೇಜಿನಲ್ಲಿ ಗ್ಲೆನ್ ಎಂಬ ಎತ್ತರದ ಮುದುಕರಿದ್ದರು. ಕಾರು ಕಂಪನಿಯೊಂದರಲ್ಲಿ ಬಾಗಿಲುಗಳ ವಿನ್ಯಾಸ ಮಾಡಿ ನಿವೃತ್ತರಾದವರು. ಅವರ ಸೆಟ್ಟುಗಳು ಈಗಷ್ಟೇ ಅಂಗಡಿಯಿಂದ ಬಂದಂತೆ ಹೊಳೆಯುತ್ತಿದ್ದವು. ಒಂದಕ್ಕೂ ಕರೆಂಟು ಕೊಟ್ಟಿರಲಿಲ್ಲ. ಮುಂದೆ "ಮುಟ್ಟಬೇಡಿ" ಎಂಬ ಫಲಕ. ಅವರು ನನ್ನ ಸೆಟ್ಟಿನೊಳಗೆ ಬಗ್ಗಿ ನೋಡಿ, ಹಿಂದಿರುಗಿ, ತಮ್ಮ ಒಂದು ಸೆಟ್ಟಿನಿಂದ ಅದೇ ವಾಲ್ವ್ ಕಿತ್ತು ಕರವಸ್ತ್ರದಲ್ಲಿ ತಂದರು.

"ನಿಮ್ಮದು?" ಎಂದೆ ಇಂಗ್ಲಿಷಿನಲ್ಲಿ.

"ನನ್ನವು ನೋಡೋದಕ್ಕಷ್ಟೆ. ಯಾರ ಜೊತೆ ಮಾತಾಡಲಿ?" ಎಂದರು.

ವಾಲ್ವ್ ಕೂರಿಸಿ, ಹೊರಗಿನ ಕಂಬದ ಆಂಟೆನಾದ ತಂತಿ ಸಿಕ್ಕಿಸಿ, ಸ್ವಿಚ್ ಹಾಕಿದೆ. ಸವಿತಕ್ಕ ನನ್ನ ಭುಜ ಹಿಡಿದುಕೊಂಡರು. ಕೆಂಪು ಮೂಡಿತು, ಗುಂಯ್ ಎಂದಿತು. ಪ್ರಸಾದ್ ಪಾರ್ಕಿಂಗ್ ಲಾಟ್‌ಗೆ ಓಡಿದರು. ನಮ್ಮ ಕಾರಿನಲ್ಲಿ ಹೊಸ ಕಾಲದ ಪುಟ್ಟ ಸಿ.ಬಿ. ಇದೆ.

"ರೀ, ಕೇಳಿಸ್ತಿದೆಯಾ?" ಎಂದೆ.

ಕರಕರ ಸದ್ದಿನ ನಡುವಿಂದ ದನಿ ಬಂತು: "ಕೇಳಿಸ್ತಿದೆ ಕಣೇ! ಊಟಕ್ಕೇನಿದೆ?"

ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಪ್ರಸಾದ್ ಏನು ಹೇಳಿದರೆಂದು ಗ್ಲೆನ್ ಕೇಳಿದರು, ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ದಿನಾ ಕೆಲಸದಿಂದ ಬರುವಾಗ ದಾರಿಯಿಂದ ನಾನೂ ಇದನ್ನೇ ಕೇಳ್ತಿದ್ದೆ. ಮನೆಯಿಂದ ರೂತ್ ಹೇಳ್ತಿದ್ದಳು. ಸೆಟ್ ಇದ್ದ ಬೀದಿಯವರಿಗೆಲ್ಲ ನಮ್ಮ ಮನೆಯ ಅಡುಗೆ ಗೊತ್ತಿರ್ತಿತ್ತು." ರೂತ್ ಅವರ ಹೆಂಡತಿ, ತೀರಿಕೊಂಡು ಕೆಲವು ವರ್ಷವಾಗಿತ್ತು. ಆಮೇಲೆ ಅವರು ಮೈಕು ಹಿಡಿದಿರಲಿಲ್ಲ. "ಉತ್ತರ ಹೇಳೋ ಕಡೆ ನಾನು ಯಾವತ್ತೂ ಕೂತಿಲ್ಲ. ಊಟಕ್ಕೇನಿದೆ ಹೇಳಿ," ಎಂದು ಮೈಕಿಗೆ ಕೈ ಚಾಚಿದರು.

ಸವಿತಕ್ಕ ಮಗುವಿಗೆ ಕಲಿಸುವಂತೆ ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಗ್ಲೆನ್ ಗುಂಡಿ ಒತ್ತಿದರು: "ರೋಟಿ. ಎನ್ನಿಗಾಯ್. ಶೆಂಗಾ ಚಟ್ನಿ."

"ಯಾರ್ರೀ ಅದು?" ಎಂದು ಪ್ರಸಾದ್ ಕೂಗಿದರು. ಅಷ್ಟರಲ್ಲಿ ಹೆದ್ದಾರಿಯಲ್ಲಿದ್ದ ಯಾವನೋ ಟ್ರಕ್ ಚಾಲಕ ನಡುವೆ ಬಾಯಿ ಹಾಕಿ, ಅದು ಯಾವ ಹೋಟೆಲು, ಎಷ್ಟನೇ ಎಕ್ಸಿಟ್‌ನಲ್ಲಿ ಹೆದ್ದಾರಿ ಇಳಿಯಬೇಕು ಎಂದು ಕೇಳಿದ. ಗ್ಲೆನ್ ನಕ್ಕ ನಗುವಿಗೆ ಮೈಕು ಕೈಯಿಂದ ಜಾರಿತು. ಆಮೇಲೆ ಎಣ್ಣೆಗಾಯಿ ತಿಂದು ಕಣ್ಣಲ್ಲಿ ನೀರು ತುಂಬಿಕೊಂಡರು. "ಖಾರ ಆತೇನ್ರೀ?" ಎಂದು ಸವಿತಕ್ಕ ಕೇಳಿದರೆ, ಕನ್ನಡ ತಿಳಿಯದಿದ್ದರೂ ತಲೆಯಾಡಿಸಿ ಇನ್ನೊಂದು ರೊಟ್ಟಿ ತೆಗೆದುಕೊಂಡರು. ಊಟ ಮುಗಿಸಿ ಬಂದು ನೋಡಿದಾಗ ಅವರ ಮೇಜಿನ ಫಲಕ ಮಗುಚಿ ಬಿದ್ದಿತ್ತು, ಜನ ಗುಂಡಿಗಳನ್ನು ತಿರುಗಿಸುತ್ತಿದ್ದರು.

ಹೊರಡುವಾಗ ವಾಲ್ವ್ ಹಿಂದಿರುಗಿಸಲು ಹೋದೆ. ಇಟ್ಟುಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಕೊನೆಗೆ ಅವರೇ ಅದನ್ನು ತಮ್ಮ ಸೆಟ್ಟಿಗೆ ಕೂರಿಸಿ, ನನ್ನ ಆಂಟೆನಾ ತಂತಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸವಿತಕ್ಕನಿಗೆ ಕೈಬೀಸಿ ನಾಲ್ಕು ಗಂಟೆಗೆ ಹೆದ್ದಾರಿ ಹಿಡಿದೆವು. ಪಶ್ಚಿಮದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕಾರಿನ ಸಿ.ಬಿ.ಯಲ್ಲಿ ಇದ್ದಕ್ಕಿದ್ದಂತೆ ಗ್ಲೆನ್ ಅವರ ದನಿ. ಪ್ರಸಾದ್ ಮೈಕಿಗೆ ಕೈ ಹಾಕಿದರು, ನಾನು ತಡೆದೆ. ಅವರು ಕರೆಯುತ್ತಿದ್ದದ್ದು ನಮ್ಮನ್ನಲ್ಲ. ಯಾವಳೋ ಟ್ರಕ್ ಚಾಲಕಿಯೊಡನೆ ಮುಂದಿನ ಎಕ್ಸಿಟ್ ಮುಚ್ಚಿರುವ ಬಗ್ಗೆ ಮಾತು ಶುರುವಾಗಿ, ಆಕೆಯ ನಾಯಿಯ ಹೆಸರಿನವರೆಗೆ ಹೋಗಿತ್ತು. ಇಬ್ಬರಿಗೂ ಅವಸರವಿರಲಿಲ್ಲ. ಸೌತ್‌ಫೀಲ್ಡ್ ದಾಟುವಾಗ ಮಾತುಗಳು ಕರಕರದಲ್ಲಿ ಕರಗಿದವು. ಆಮೇಲೂ ಒಂದೆರಡು ಮೈಲಿ, ಗ್ಲೆನ್ ಅವರ ನಗು ಮಾತ್ರ ಆಗಾಗ ಕೇಳಿಸುತ್ತಿತ್ತು.