ಕೂಲರಿನ ಚಪ್ಪಲಿ

ಬೀದರಿನ ನಮ್ಮ ಮನೆಯ ಕೂಲರನ್ನು ಗುಜರಿಯ ತಗಡು, ಮೋಟರಿನಿಂದ ನಾನೇ ಮಾಡಿದ್ದೆ. ಮುಟ್ಟಿದರೆ ಕರೆಂಟು ಹೊಡೆಯುತ್ತಿತ್ತು. ಅದಕ್ಕೇ ಪಕ್ಕದಲ್ಲಿ ರಬ್ಬರ್ ಚಪ್ಪಲಿ ಇಟ್ಟಿದ್ದೆವು. ಮೆಟ್ಟಿಕೊಂಡೇ ನೀರು ತುಂಬುತ್ತಿದ್ದೆವು.

ಸಂತಪುರದಿಂದ ಬಂದ ಸೋದರತ್ತೆಗೆ ಇದು ಗೊತ್ತಿರಲಿಲ್ಲ. “ಮನಿ ಒಳಗ ಚಪ್ಪಲಿ ಯಾರು ಬಿಟ್ಟಾರ?” ಎಂದು ಬಯ್ದು, ಅವನ್ನು ಹೊರಗಿಟ್ಟರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೊಡ ಹಿಡಿದು, ಬರಿಗಾಲಲ್ಲಿ ಕೂಲರಿನ ಮುಂದಿದ್ದರು. ಅವರ ಬೆರಳಿಗೂ ತಗಡಿಗೂ ಒಂದು ಗೇಣು ಅಂತರ. ಓಡಿ ಪ್ಲಗ್ ಕಿತ್ತೆ.

“ಯಾಕೋ, ಗಾಳಿ ಬಂದ್ ಮಾಡ್ದಿ?”

ಕಾರಣ ಹೇಳಿದೆ. ಅತ್ತೆ ನಕ್ಕುಬಿಟ್ಟರು. “ನನ್ನ ಮುಗಸ್ಲಾಕ ಇಷ್ಟು ಮೆಹನತ್ ಯಾಕ ಮಾಡ್ದಿ?”

ಅಂದೇ ಸವೆದ ವೈರು ಬದಲಿಸಿ ಅರ್ಥಿಂಗ್ ಎಳೆದೆ. ತಗಡಿಗೆ ಟೆಸ್ಟರ್ ಹಿಡಿದು, ಅದರ ದೀಪ ಹತ್ತದ್ದನ್ನು ತೋರಿಸಿದರೂ ಅತ್ತೆ ನಂಬಲಿಲ್ಲ.

“ಮೊದಲ ನೀ ಮುಟ್ಟೋ, ಮಿಸ್ತ್ರಿ.”